ಅರ್ಧ ದೇವರಿಗೆ ಬೇಡಿಕೊಂಡ ದಿನ

ನಾನು ಚಿಕ್ಕವನಿದ್ದಾಗ, ದಾವಣಗೆರೆ ಮುಗಿದು ಜೋಳದ ಹೊಲ ಶುರುವಾಗುವ ಕಡೆ ಒಂದು ಹೊಸ ಬಡಾವಣೆ ಎದ್ದಿತ್ತು. ಎದ್ದಿತ್ತು ಅನ್ನುವುದೇ ದೊಡ್ಡ ಮಾತು. ಸೈಟಿಗೆ ನೆಟ್ಟ ಕಲ್ಲುಗಳು, ಅವುಗಳ ನಡುವೆ ನಮ್ಮದೊಂದು ಮನೆ, ಅಷ್ಟೆ. ಬಯಲೇನೋ ಬೇಕಾದಷ್ಟಿತ್ತು, ಆಡುವವನು ನಾನೊಬ್ಬನೇ. ಚಿನ್ನಿಯನ್ನು ನಾನೇ ಹೊಡೆದು, ನಾನೇ ಓಡಿಹೋಗಿ ಹೆಕ್ಕಿ ತರುತ್ತಿದ್ದೆ. ಅಕ್ಕ ಹೈಸ್ಕೂಲು ಸೇರಿದ್ದಳು. ಚಿನ್ನಿದಾಂಡು ಅಂದರೆ ಮೂಗು ಮುರಿಯುತ್ತಿದ್ದಳು.

ಒಂದು ಸೋಮವಾರ ಅಪ್ಪ ನಮ್ಮಿಬ್ಬರನ್ನೂ ಬಸ್ಸಿನಲ್ಲಿ ಹರಿಹರಕ್ಕೆ ಕರೆದುಕೊಂಡು ಹೊರಟ. ಅಜ್ಜಿ ನನ್ನ ಹಣೆಗೆ ವಿಭೂತಿ ಹಚ್ಚಿ, "ಏನ್ ಬೇಡೋದಿದ್ರೂ ನಮ್ ಶಿವನ್ನ ಬೇಡ್ಕೋ" ಅಂದಳು. ಬೇಡುವುದಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ: ಜೊತೆಗೆ ಆಡಲು ಒಬ್ಬ ಹುಡುಗ.

ಹರಿಹರೇಶ್ವರನ ಗುಡಿಯೊಳಗೆ ಕಾಲಿಟ್ಟೊಡನೆ ಕಲ್ಲಿನ ತಂಪು ಅಂಗಾಲಿನಿಂದ ನೆತ್ತಿಗೇರಿತು. ಕಂಬಗಳು ಎಷ್ಟು ನುಣುಪೆಂದರೆ, ತಬ್ಬಿಕೊಂಡರೆ ಕೆನ್ನೆ ಜಾರುತ್ತಿತ್ತು. ಎಲ್ಲೆಲ್ಲೂ ಕರ್ಪೂರ, ತುಳಸಿ, ದೀಪದೆಣ್ಣೆಯ ವಾಸನೆ. ದೇವರಂತೂ ಅರ್ಧ ಹರ, ಅರ್ಧ ಹರಿ! ನಾನು ಒಂದು ಕಣ್ಣು ಮುಚ್ಚಿ, ಅಂಗೈ ಅಡ್ಡ ಹಿಡಿದು ಚಕ್ರದ ಕಡೆಯನ್ನು ಮರೆಮಾಡಿ, ತ್ರಿಶೂಲದ ಕಡೆಗಷ್ಟೇ ಬೇಡಿಕೊಂಡೆ.

ಹೊರಗೆ ಬಂದು ಇದನ್ನು ಹೇಳಿದ್ದೇ ತಡ, ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅರ್ಧ ದೇವ್ರಿಗೆ ಬೇಡಿದ್ರೆ ಅರ್ಧ ಹುಡುಗ ಬರ್ತಾನೆ ನೋಡು!"

ಅರ್ಧ ಹುಡುಗನ ಜೊತೆ ಆಡುವುದು ಹೇಗೆ? ಅಪ್ಪ "ಎಲ್ಲಿಗ್ ಹೊಂಟ್ಯೋ?" ಅನ್ನುವಷ್ಟರಲ್ಲಿ ಓಟ ಕಿತ್ತಿದ್ದೆ. ಮಧ್ಯಾಹ್ನದ ಬಿಸಿಲಿಗೆ ಕಾದ ಚಪ್ಪಡಿ ಕಾಲಿಗೆ ಚುರುಕ್ ಅನ್ನುತ್ತಿತ್ತು. ಒಳಗೆ ಪೂಜಾರಿ ಗರ್ಭಗುಡಿಯ ಬಾಗಿಲು ಎಳೆಯುತ್ತಿದ್ದರು.

"ಸ್ವಾಮೇರೆ, ಬಾಗ್ಲು ಹಾಕ್‌ಬ್ಯಾಡ್ರಿ! ಇನ್ನೂ ಅರ್ಧ ದೇವ್ರು ಉಳ್ದೈತೆ!"

"ಹೆಂಗೋ ಉಳೀತು ಅರ್ಧ?" ಅಂದರು ಅವರು. ಏದುಸಿರು ಬಿಡುತ್ತಲೇ ಎಲ್ಲ ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. ಬಾಗಿಲು ತೆರೆದು, "ಎರಡೂ ಕಣ್ಣು ಬಿಟ್ಟು ನೋಡಪ್ಪ ಈಗ" ಅಂದರು. ನೋಡಿದೆ. ಇಡೀ ದೇವರು! ಅದೆಷ್ಟು ಚೆಂದ ಕಂಡಿತೆಂದರೆ, ಬೇಡುವುದೇ ಒಂದು ಗಳಿಗೆ ಮರೆತುಹೋಯಿತು. ಆಮೇಲೆ ಗಟ್ಟಿಯಾಗಿಯೇ ಬೇಡಿಕೊಂಡೆ.

ಮುಂದಿನ ಬೇಸಿಗೆಗೆ ನಮ್ಮ ಎದುರು ಸೈಟಿನಲ್ಲಿ ಮನೆಯೆದ್ದು, ಕೊಕ್ಕನೂರಿನ ಒಂದು ಸಂಸಾರ ಬಂತು. ಅವರಿಗೆ ಗಂಡುಹುಡುಗರಿರಲಿಲ್ಲ, ನನ್ನ ವಯಸ್ಸಿನ ಒಬ್ಬ ಮಗಳಿದ್ದಳು. ಮೊದಲ ದಿನವೇ ಅವಳು ಹೊಡೆದ ಚಿನ್ನಿ ಬಡಾವಣೆ ದಾಟಿ ಹೊಲದಲ್ಲಿ ಬಿತ್ತು. ನಾನು ಖುಷಿಗೆ ಕುಣಿದಾಡಿಬಿಟ್ಟೆ.

ನಮ್ಮ ಬೀದಿಯ ಮಕ್ಕಳೇ, ಅದೇ ಬಡಾವಣೆಯಲ್ಲಿ ಈಗ ಹುಡುಕಿದರೂ ಖಾಲಿ ಸೈಟಿಲ್ಲ. ನಿನ್ನೆ ಸಂಜೆ ನೀವೊಂದು ದಂಡೇ ಸೇರಿ, ನಿಂತ ಕಾರುಗಳ ನಡುವೆ ಕ್ರಿಕೆಟ್ ಆಡುತ್ತಿದ್ದಿರಿ. ಬೈಕು ಬಂದಾಗಲೆಲ್ಲ ಆಟ ನಿಲ್ಲಿಸುತ್ತಿದ್ದಿರಿ. ಬರುವ ಭಾನುವಾರ ಹರಿಹರಕ್ಕೆ ಹೋಗೋಣ. ನೀವೆಲ್ಲ ಸೇರಿ ಒಂದು ಬಯಲು ಬೇಡಿಕೊಳ್ಳಿ.