ಬಿಸಿ ಹಾಲು ತಡೆಯದ ಗ್ಲಾಸು

ಮೊನ್ನೆ ಬೆಳಿಗ್ಗೆ ಗ್ಯಾಸಿನ ಮೇಲಿಟ್ಟ ಹಾಲು ಉಕ್ಕಿ ಹರಿಯಿತು. ನಾನು ಎದುರಿಗೇ ನಿಂತಿದ್ದೆ, ಲಕ್ಷ್ಯ ಮಾತ್ರ ಎಲ್ಲೋ ಇತ್ತು. ಒಲೆಯಿಂದ ಕೆಳಗಿನ ಕಲ್ಲಿಗೂ ಹಾಲು ಇಳಿದು, ಸೀದ ವಾಸನೆ ಅಡಿಗೆಮನೆ ತುಂಬಿತು. ಮೊಮ್ಮಗನ ಹೆಂಡತಿ ಓಡಿಬಂದು ಒಲೆ ಆರಿಸಿ, "ಆಯಿ, ಕಣ್ಣ ಮುಂದ ಉಕ್ಕಿದರೂ ನೋಡ್ಕೋತ ನಿಂತೀರಲ್ಲ!" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಕಲ್ಲಿನ ಮೇಲೆ ಬಿದ್ದ ಬಿಸಿ ಹಾಲಿನ ಆ ವಾಸನೆಗೆ ಗಂಡನ ಊರು ವಾಡಿಯ ಒಂದು ಹಳೆಯ ಸಂಜೆ ನೆನಪಾಯಿತು. ಅದರ ಬೆನ್ನಿಗೇ ಶೀಶಾ ಮಾಮು ನೆನಪಾದರು...

ಶೀಶಾ ಮಾಮು ಎಂದರೆ ನಮ್ಮ ಓಣಿಯ ಕೊನೆಯಲ್ಲಿ ಗಾಜು ಊದುತ್ತಿದ್ದವರು. ಅವರಿಗೂ ಒಂದು ಹೆಸರು ಇದ್ದಿರಬೇಕು, ಓಣಿಗೆಲ್ಲ ಅವರು ಮಾಮುನೇ. ರೈಲು ಇಂಜಿನ್ನುಗಳು ಉದುರಿಸಿ ಹೋದ ಅರೆಸುಟ್ಟ ಕಲ್ಲಿದ್ದಲು ಕೊಂಡು ತಂದು ಕುಲುಮೆ ಹೊತ್ತಿಸುತ್ತಿದ್ದರು. ಹಕೀಮರ ಔಷಧದ ಶೀಶೆ, ಅತ್ತರಿನ ಪುಟ್ಟ ಬಾಟಲಿ, ಶಾಲೆ ಮಕ್ಕಳ ಮಸಿ ಕುಡಿಕೆ, ಕಂದೀಲಿನ ಗಾಜು, ಎಲ್ಲ ಅಲ್ಲಿಂದಲೇ ಬರಬೇಕು. ಉದ್ದನೆಯ ಕಬ್ಬಿಣದ ಕೊಳವೆ ಬಾಯಿಗಿಟ್ಟು ವರ್ಷಗಟ್ಟಲೆ ಊದಿ ಅವರ ಗಲ್ಲಗಳು ಚೀಲದಂತೆ ಜೋತುಬಿದ್ದಿದ್ದವು. ಸುಮ್ಮನೆ ಕುಳಿತಾಗಲೂ ಬಾಯಲ್ಲಿ ಗಾಳಿ ಹಿಡಿದುಕೊಂಡೇ ಕುಳಿತಂತೆ ಕಾಣುತ್ತಿದ್ದರು. ಹೊಸ ಸೊಸೆಯಾದ ನಾನು ಅವರ ಮುಂದೆ ಹಾದುಹೋಗುವಾಗ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದೆ.

ಅವರದೊಂದು ಹಟ ಇತ್ತು. ಒಡೆದ ಗಾಜನ್ನು ಬೆಸೆದು ಕೊಡುತ್ತಿರಲಿಲ್ಲ. ಹಿಡಿಕೆ ಮುರಿದ ಹೂಜಿಯನ್ನೋ ಬಾಯಿ ಒಡೆದ ಪನ್ನೀರಿನ ಗುಲಾಬದಾನಿಯನ್ನೋ ಹಿಡಿದು ಬಂದವರಿಗೆ, ಕರಗಿಸಿ ಹೊಸದು ಮಾಡಿಕೊಡುತ್ತೇನೆ, ಜೋಡಿಸುವುದು ಮಾತ್ರ ಆಗದು ಎಂದು ಹೇಳಿ ಕಳಿಸುತ್ತಿದ್ದರು. ತೀರಾ ಬೇಡಿಕೊಂಡರೆ ಒಂದು ಕರಾರಿನ ಮೇಲೆ ಒಪ್ಪುವರು. ಆ ವಸ್ತು ಯಾರದೋ ಅವರೇ ಬರಬೇಕು. ಬೆಸುಗೆ ಎಲ್ಲಿದೆ ಎಂದು ಅವರಿಗೆ ತೋರಿಸಿ, ಇನ್ನು ಮುಂದೆ ಅದು ಏನನ್ನು ತಡೆಯುತ್ತದೆ, ಏನನ್ನು ತಡೆಯುವುದಿಲ್ಲ ಎಂದು ವಿವರಿಸಿ, ಅದನ್ನೇ ಅವರ ಬಾಯಿಂದ ಮರಳಿ ಹೇಳಿಸಿಕೊಂಡು ಕೈಗಿಡುತ್ತಿದ್ದರು. ಮತ್ತೊಬ್ಬರ ಕೈಯಲ್ಲಿ ಕಳಿಸಿದ್ದೇ ಇಲ್ಲ. ಊರಿನವರು ಇದನ್ನು ಮುದುಕನ ಸೊಕ್ಕು ಎನ್ನುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ.

ನಾನು ಸೇಡಂನ ಹುಡುಗಿ. ಹದಿನೇಳಕ್ಕೆ ವಾಡಿಗೆ ಸೊಸೆಯಾಗಿ ಬಂದೆ. ನಿಜಾಮರ ಆಳ್ವಿಕೆ ಮುಗಿದು ನಾಲ್ಕೈದು ವರ್ಷ ಆಗಿತ್ತು. ನಮ್ಮ ಮನೆಯವರು ರಾವೂರಿನ ಕಲ್ಲಿನ ಗಣಿಯಲ್ಲಿ ಮೇಸ್ತ್ರಿ; ನಸುಕಿನಲ್ಲಿ ಹೋದರೆ ಕತ್ತಲಾದ ಮೇಲೆ ಮೈತುಂಬ ಕಲ್ಲಿನ ಪುಡಿ ಹೊತ್ತು ಬರುವರು. ಹಗಲೆಲ್ಲ ಮನೆಯಲ್ಲಿ ನಾನು, ನನ್ನ ಅತ್ತೆ, ಇಬ್ಬರೇ.

ಅತ್ತೆಗೆ ಇನ್ನೊಬ್ಬ ಮಗನಿದ್ದ. ನನ್ನ ಗಂಡನ ಅಣ್ಣ. ನಾನು ಆ ಮನೆಗೆ ಕಾಲಿಡುವ ಎಷ್ಟೋ ಮೊದಲು, ಹತ್ತೊಂಬತ್ತರ ವಯಸ್ಸಿನಲ್ಲಿ ವಿಷಮಜ್ವರ ಬಂದು ತೀರಿಕೊಂಡಿದ್ದ. ಮಲಗಿದಷ್ಟು ದಿನವೂ ಅವನ ಗಂಟಲಿಗೆ ಇಳಿದದ್ದು ಹಾಲೊಂದೇ. ಅದೂ ಹಬೆಯಾಡುತ್ತಿರಬೇಕು, ಹೈದರಾಬಾದಿನಿಂದ ಅವನೇ ಆಸೆಪಟ್ಟು ತಂದ ನೀಲಿ ಗ್ಲಾಸಿನಲ್ಲೇ ಕೊಡಬೇಕು. ಗಿಡ್ಡ ಕಾಲಿನ ಮೇಲೆ ನಿಲ್ಲುವ ವಿಲಾಯತಿ ಗ್ಲಾಸು ಅದು.

ಅವನು ಹೋದ ಮೇಲೂ ಅತ್ತೆ ಆ ಹಾಲು ನಿಲ್ಲಿಸಲಿಲ್ಲ. ದಿನಾ ಸಂಜೆ ದೀಪ ಹಚ್ಚಿ, ಲಿಂಗಪೂಜೆ ಮುಗಿಸಿ, ಕುದಿಯುವ ಹಾಲನ್ನು ಆ ಗ್ಲಾಸಿಗೆ ಸುರಿದು ಅವನು ಮಲಗುತ್ತಿದ್ದ ಮೂಲೆಯಲ್ಲಿ ಇಡುವರು. ಹಬೆ ಏಳುತ್ತಿರುವಷ್ಟು ಹೊತ್ತೂ ಎದುರು ಕುಳಿತಿರುವರು. ಹಬೆ ನಿಂತಿತೆಂದರೆ "ಕುಡದ" ಎಂದು ಮೆಲ್ಲಗೆ ತಮಗೇ ಹೇಳಿಕೊಂಡು, ಹಾಲನ್ನು ಕಂಚಿನ ಬಟ್ಟಲಿಗೆ ಬಗ್ಗಿಸಿ ನನ್ನ ಕೈಗೆ ಕೊಡುವರು. ಆಮೇಲೆ ಅವರ ಊಟ. ಮೊದಲ ದಿನ ನೋಡಿದಾಗ ನನಗೆ ಭಯವಾಗಿತ್ತು, ಬರಬರುತ್ತ ಆ ಹಾಲಿಗೆ ನಾನೂ ಕಾಯತೊಡಗಿದೆ. ನನ್ನ ಹೆತ್ತವ್ವ ಕೂಡ ಅಷ್ಟು ತಪ್ಪದೆ ನನಗೆ ಹಾಲು ಕೊಟ್ಟವಳಲ್ಲ.

ಒಮ್ಮೆ ಅತ್ತೆ ನಾಲವಾರದ ಮಠಕ್ಕೆಂದು ಮೂರು ದಿನ ಹೋದರು. ರೈಲು ಹತ್ತುವಾಗಲೂ ಒಂದೇ ಮಾತು: "ಸಂಜೀದು ತಪ್ಪಸಬ್ಯಾಡವ್ವ." ಮೊದಲ ಸಂಜೆ ತಪ್ಪಿಸಲಿಲ್ಲ. ಹಾಲಿಟ್ಟು, ಹಬೆ ನಿಂತ ಮೇಲೆ ಕುಡಿದು, ಗ್ಲಾಸನ್ನು ಬೂದಿ ಹಚ್ಚಿ ತೊಳೆಯಲು ಕುಳಿತೆ. ಒದ್ದೆ ಕೈ. ಗ್ಲಾಸು ಜಾರಿ ಬಚ್ಚಲಿನ ಫರಸಿ ಕಲ್ಲಿಗೆ ಬಿತ್ತು. ಮೇಲಿನ ಭಾಗ ಹಾಗೇ ಉಳಿದು ಕಾಲು ಮಾತ್ರ ಮುರಿದು ಆ ಕಡೆ ಉರುಳಿತು.

ಮರುದಿನ ಬೆಳಿಗ್ಗೆ ಎರಡೂ ತುಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ಮಾಮುವಿನ ಹತ್ತಿರ ಓಡಿದೆ. ಅವರು ಬೆಳಕಿಗೆ ಹಿಡಿದು ನೋಡಿ ತಲೆ ಅಲ್ಲಾಡಿಸಿದರು.

"ಇದು ವಿಲಾಯತಿ ಗಾಜು ಬೇಟಿ, ನಂದು ಊರಿನ ಗಾಜು. ಒಂದಕ್ಕೊಂದು ಹೊಂದಂಗಿಲ್ಲ. ಇವತ್ತು ಹಿಡದಂಗ ಮಾಡ್ತದ, ಒಂದಿನ ಬಿಡ್ತದ."

ನಾನು ಅಳತೊಡಗಿದೆ. ಮಾಮು ಕೊಳವೆ ಕೆಳಗಿಟ್ಟರು. "ಯಾರದಿದು?" ಎಂದರು.

ಅತ್ತೆಯದು ಎಂದರೆ ಅತ್ತೆಯನ್ನೇ ಕರೆದು ತಾ ಎನ್ನುತ್ತಾರೆ. ಅದು ನನಗೆ ಗೊತ್ತಿತ್ತು.

"ನಂದೇ ರಿ ಮಾಮು. ತವರಮನಿಯಿಂದ ತಂದೀನಿ."

"ಖರೇ?"

"ಖರೇನ ರಿ."

ಅವರು ನಂಬಿದರು. ಹಟಮಾರಿಗಳನ್ನು ಮೋಸ ಮಾಡುವುದು ಇಷ್ಟು ಸುಲಭವೇ ಎಂದು ಆವತ್ತು ಒಳಗೊಳಗೇ ಖುಷಿಪಟ್ಟೆನಲ್ಲ, ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ. ಚೂರು ಹಾರಿಹೋದ ಕಡೆ ತಮ್ಮ ಗಾಜಿನದೊಂದು ಸಣ್ಣ ಉಂಗುರ ಸುತ್ತಿ ಕಾಲನ್ನು ಕೂಡಿಸಿದರು. ಒಂದು ರಾತ್ರಿ, ಒಂದು ಹಗಲು ಬೆಚ್ಚನೆಯ ಬೂದಿಯಲ್ಲಿ ಹೂತಿಟ್ಟು ಮೂರನೆಯ ದಿನ ತೆಗೆದರು. ನೀಲಿ ಗಾಜಿಗೆ ಹಸಿರು ಛಾಯೆಯ ಒಂದು ಬಳೆ ತೊಡಿಸಿದಂತಿತ್ತು.

"ತಣ್ಣನ್ನ ನೀರು ಕುಡಿ. ಉಗುರುಬೆಚ್ಚಗಿಂದೂ ನಡೀತದ. ಕೈ ಸುಡೋದು ಮಾತ್ರ ಹಾಕಬ್ಯಾಡ. ಏನು ಹಾಕಬ್ಯಾಡ ಅಂದೆ, ಹೇಳು?"

"ಕೈ ಸುಡೋದು ಹಾಕಬಾರದು ರಿ."

ಹೇಳಿದೆ. ಆ ಮಾತನ್ನು ಕೇಳಬೇಕಾದವರು ಇನ್ನೂ ರೈಲಿನಲ್ಲಿದ್ದರು.

ಅತ್ತೆ ಬಂದ ಸಂಜೆ ಗ್ಲಾಸು ಕೈಗೆತ್ತಿಕೊಂಡು ಒಂದು ಕ್ಷಣ ನಿಂತರು. "ಯಾಕೋ ಭಾರ ಆದಂಗ ಅನಿಸ್ತದವ್ವ" ಎಂದರು. ಮೂರು ದಿನ ಬಿಟ್ಟು ಹಿಡಿದಿದ್ದಕ್ಕೆ ಹಾಗನಿಸುತ್ತದೆ ಎಂದೆ. ಅಷ್ಟರಲ್ಲಿ ಅವರ ಕಣ್ಣಿನ ಪೊರೆ ಬಲಿತು ಎಲ್ಲವೂ ಮಂಜು ಮಂಜಾಗಿತ್ತು, ಅದೇ ನನ್ನ ಪುಣ್ಯ. ಅದೇ ಕಣ್ಣಿನ ನೆಪ ಹೇಳಿ, "ಕೈ ಸುಟ್ಕೊಂಡೀರಿ ಅತ್ತಿ, ಇನ್ನ ಮ್ಯಾಲ ನಾ ಹಾಕ್ತೀನಿ ಬಿಡ್ರಿ" ಎಂದು ಪಾತ್ರೆ ಇಸಿದುಕೊಂಡೆ. ಆ ದಿನದಿಂದ ಹಾಲನ್ನು ಮೊದಲೇ ಆರಿಸಿ ಉಗುರುಬೆಚ್ಚಗೆ ಮಾಡಿ ಸುರಿಯುತ್ತಿದ್ದೆ. ಹಬೆ ಎಲ್ಲಿಂದ ಬರಬೇಕು? ಸ್ವಲ್ಪ ಹೊತ್ತು ಬಿಟ್ಟು ನಾನೇ "ಹಬೆ ನಿಂತ್ರಿ ಅತ್ತಿ" ಎನ್ನುತ್ತಿದ್ದೆ. ಅವರು ನನ್ನ ಮಾತಿಗೇ "ಕುಡದ" ಎನ್ನುತ್ತಿದ್ದರು.

ಮೂರ್ನಾಲ್ಕು ತಿಂಗಳು ಹೀಗೇ ನಡೆಯಿತು. ಸೊಸೆ ಮಗನ ಹಾಲನ್ನು ತಾನೇ ಕೈಯಾರೆ ಹಾಕುತ್ತಾಳೆ ಎಂದು ಅತ್ತೆ ಓಣಿಯ ತುಂಬ ಹೊಗಳಿಕೊಂಡು ಬಂದರು. ನೀರಿಗೆ ಹೋದಲ್ಲಿ ಹೆಂಗಸರು ನನ್ನನ್ನು ತೋರಿಸಿ ತಮ್ಮ ಸೊಸೆಯರಿಗೆ ಬುದ್ಧಿ ಹೇಳುತ್ತಿದ್ದರು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸುತ್ತಿತ್ತು. ಎಷ್ಟೋ ಸಲ ಹೇಳಿಬಿಡೋಣವೆಂದು ಅವರ ಮುಂದೆ ಹೋಗಿ ಕುಳಿತೆ. ಅಷ್ಟರಲ್ಲಿ ನನಗೆ ದಿನ ನಿಂತಿತ್ತು. ಬಸುರಿಯನ್ನು ಸೇಡಂಗೆ ಅಟ್ಟಿಬಿಟ್ಟರೆ ಎಂಬ ಹೆದರಿಕೆ... ಅತ್ತೆ ಅಂಥವರಲ್ಲ, ಅದು ನನಗೂ ಗೊತ್ತಿತ್ತು. ಆದರೂ ಹೇಳಲಿಲ್ಲ.

ಆ ಸಂಜೆ ಮಳೆ ಬರುವಂತಾಗಿತ್ತು. ಹಿತ್ತಲಲ್ಲಿ ಒಣಗಲು ಹಾಕಿದ ಸಗಣಿ ಕುಳ್ಳು ಒಳಗೆ ಸೇರಿಸುತ್ತಿದ್ದೆ. ದೀಪ ಹಚ್ಚುವ ಹೊತ್ತು ಮೀರುತ್ತಿದೆಯೆಂದು ಅತ್ತೆ ಒಲೆಯ ಮೇಲಿನ ಹಾಲನ್ನು ತಾವೇ ಸುರಿದಿದ್ದರು. ಒಳಗಿನಿಂದ ಟಪ್ ಎಂದು ಸಪ್ಪಳ ಬಂತು. ಓಡಿಬಂದು ನೋಡಿದರೆ ಫರಸಿಯ ಮೇಲೆ ಹಾಲು ಹರಿದು ಹಬೆ ಏಳುತ್ತಿತ್ತು, ಅದರ ಬಿಸಿ ವಾಸನೆ ಮುಖಕ್ಕೆ ಹೊಡೆಯಿತು. ಗ್ಲಾಸು ತಳದಿಂದ ಬಾಯಿಯವರೆಗೆ ಸೀಳಿಹೋಗಿತ್ತು. ಅತ್ತೆ ಎರಡೂ ಕೈ ಮೇಲೆತ್ತಿಕೊಂಡು ನಿಂತಿದ್ದರು.

"ನಾ ಮುಟ್ಟಿಲ್ಲವ್ವ. ಇಟ್ಟು ಕೈ ತಗದಿದ್ದೆ. ತಾನ ಒಡೀತು. ಒಲ್ಲೆ ಅಂದ ನೋಡು ಅಂವಾ..."

ಆ ರಾತ್ರಿ ಅವರು ಊಟ ಮಾಡಲಿಲ್ಲ. ಬೆಳಿಗ್ಗೆ ತುಂಡುಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ನನ್ನ ಭುಜ ಹಿಡಿದುಕೊಂಡು ಮಾಮುವಿನ ಕುಲುಮೆಗೆ ನಡೆದರು. ನಾನೇ ದಾರಿ ತೋರಿಸಿದೆ.

"ನನ್ನ ಹಿರಿ ಮಗಂದು ತಮ್ಮಾ ಇದು" ಎಂದು ಅತ್ತೆ ಗಂಟು ಬಿಚ್ಚಿದರು. "ಅಂವಗ ನನ್ನ ಮ್ಯಾಲ ಸಿಟ್ಟು ಬಂದದ. ಏನು ತಪ್ಪು ಮಾಡೀನೋ ತಿಳೀವಲ್ದು. ಇದನ್ನ ಕೂಡಿಸಿ ಕೊಡು. ಇನ್ನೊಮ್ಮಿ ಹಾಲಿಟ್ಟು ಕೇಳ್ತೀನಿ."

ಮಾಮು ತುಂಡೊಂದನ್ನು ಎತ್ತಿಕೊಂಡರು. ಹಸಿರು ಉಂಗುರದ ಅರ್ಧ ಅದಕ್ಕೆ ಅಂಟಿತ್ತು. ತಮ್ಮ ಕೈಕೆಲಸ ಅವರಿಗೆ ತಿಳಿಯದೇ? ತಲೆ ಎತ್ತಿ ಅತ್ತೆಯ ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ಬಯ್ಯುವ ಕಣ್ಣಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಾನು ಬಾಯಿ ಬಿಡುವುದನ್ನು ಕಾಯುತ್ತಿದ್ದರು. ಭಾಳ ಹೊತ್ತು ಕಾದರು. ನಾನು ಕಾಲ ಬೆರಳು ನೋಡುತ್ತ ನಿಂತೆ.

"ಅಕ್ಕಾ, ಬಿಸಿಗಿ ಗಾಜು ಒಡೀತದ. ಮಗನ ಸಿಟ್ಟಲ್ಲ ಇದು" ಎಂದರು ಕೊನೆಗೆ.

"ಹಂಗಾರ ಇಷ್ಟು ವರ್ಷ ಯಾಕ ಒಡೀಲಿಲ್ಲ? ಇದಕಿಂತಾ ಕುದಿಯೋದು ಹಾಕೀನಿ."

ಮಾಮು ಮತ್ತೊಮ್ಮೆ ನನ್ನ ಕಡೆ ನೋಡಿದರು. ಉತ್ತರ ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಅವರು ಉಸಿರು ಬಿಟ್ಟು, ಕೂಡಿಸಲು ಬರುವುದಿಲ್ಲ, ಬೇಕಾದರೆ ಇದನ್ನೇ ಕರಗಿಸಿ ಇಂಥದೇ ಇನ್ನೊಂದು ಮಾಡುತ್ತೇನೆ ಎಂದರು. ಅತ್ತೆ ತುಂಡುಗಳನ್ನು ಸರಕ್ಕನೆ ಬಟ್ಟೆಗೆ ಎಳೆದುಕೊಂಡರು.

"ನಮ್ಮೋರು ಸತ್ತೋರನ್ನ ಮಣ್ಣಾಗ ಇಡ್ತಾರ ತಮ್ಮಾ. ಅಂವನ ಬಾಯಿ ಹತ್ತಿದ್ದನ್ನ ಬೆಂಕಿಗಿ ಹ್ಯಾಂಗ ಹಾಕಲಿ?"

ಅಲ್ಲಿಂದ ನೆಟ್ಟಗೆ ಹೊಲಕ್ಕೆ ಹೋದೆವು. ಮಗನ ಸಮಾಧಿಯ ಪಕ್ಕ ಅತ್ತೆ ಕೈಯಿಂದಲೇ ಮಣ್ಣು ತೋಡಿ ಗಂಟನ್ನು ಇಟ್ಟರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ಅವತ್ತಿನಿಂದ ಸಂಜೆಯ ಹಾಲು ನಿಂತಿತು. ಹಾಲಿನ ನಂತರವೇ ಊಟ ಮಾಡಿ ರೂಢಿಯಾದವರಿಗೆ ರಾತ್ರಿಯ ಊಟವೂ ನಿಂತಿತು. ರೊಟ್ಟಿ ಮುರಿದು ಬಟ್ಟಲಲ್ಲಿ ಹಾಗೇ ಬಿಟ್ಟು ಆ ಮೂಲೆಯ ಕಡೆ ಮುಖ ಮಾಡಿ ಕೂಡುವರು. ಯಾವ ತಪ್ಪಿಗೆ ಮಗ ಮುನಿದ ಎಂದು ಹುಡುಕುವುದೇ ಕೆಲಸವಾಯಿತು. ಜ್ವರದಲ್ಲಿ ಒಮ್ಮೆ ಹಾಲು ತಡವಾಗಿತ್ತಂತೆ, ಅದಕ್ಕಿರಬಹುದೇ? ನಾಲವಾರಕ್ಕೆ ಹೋಗಿ ಮೂರು ದಿನ ಬಿಟ್ಟದ್ದಕ್ಕಿರಬಹುದೇ? ನನ್ನನ್ನೇ ಕೇಳುವರು. ನಾನು "ಹಂಗೇನಿಲ್ಲ ಬಿಡ್ರಿ ಅತ್ತಿ" ಎನ್ನುತ್ತಿದ್ದೆ. ಒಂದು ಮಾತು ಹೇಳಿದ್ದರೆ ಅವರು ಎರಡು ಬೈದು, ನಾಲ್ಕು ದಿನ ಮಾತು ಬಿಟ್ಟು, ಐದನೆಯ ದಿನ ಊಟಕ್ಕೆ ಏಳುತ್ತಿದ್ದರು. ನನ್ನ ಮಗ ಹುಟ್ಟಿ ಮೂರು ತಿಂಗಳಿಗೆ ಅತ್ತೆ ತೀರಿಕೊಂಡರು. ವಯಸ್ಸಾಗಿತ್ತು ಎಂದರು ಎಲ್ಲರೂ. ಅಂಥ ವಯಸ್ಸೇನೂ ಆಗಿರಲಿಲ್ಲ.

ಮಾಮು ಅಂದಿನಿಂದ ಯಾರ ಒಡೆದ ಗಾಜನ್ನೂ ಮುಟ್ಟಲಿಲ್ಲ. ಮಾಲಕರೇ ಬಂದು ನಿಂತರೂ ಇಲ್ಲ. ಹೈದರಾಬಾದ್ ರಾಜ್ಯ ಒಡೆದು ನಮ್ಮ ಕಡೆಯ ಊರುಗಳು ಮೈಸೂರಿಗೆ ಸೇರಿದ ವರ್ಷ, ಅವರು ಕುಲುಮೆ ಕೆಡವಿ ಹೈದರಾಬಾದಿನ ಮಗಳ ಮನೆಗೆ ಹೊರಟರು. ಹಿಂದಿನ ದಿನ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಅಲ್ಲಿಗೆ ಹೋದೆ. ಅವರು ಇಟ್ಟಿಗೆ ಒಂದೊಂದಾಗಿ ತೆಗೆದು ಗೋಡೆಗೆ ಆನಿಸುತ್ತಿದ್ದರು.

"ಅವತ್ತು ನೀವಾರ ಯಾಕ ಹೇಳಲಿಲ್ಲ ರಿ ಮಾಮು?" ಎಂದೆ. ತಪ್ಪು ಮಾಡಿದ ನಾನೇ ಅವರನ್ನು ಕೇಳಿದೆ, ನೋಡಿ!

ಅವರು ಕೈಯ ಧೂಳು ಒರೆಸಿಕೊಂಡರು. "ನಾ ಹೇಳಿದ್ದರ ನೀ ಸುಳ್ಳಿ ಆಗ್ತಿದ್ದಿ ಬೇಟಿ. ನೀನ ಹೇಳಿದ್ದರ ಬರೇ ಗಿಲಾಸ ಒಡದಾಕಿ ಆಗ್ತಿದ್ದಿ. ಇವತ್ತಿಲ್ಲ ನಾಳಿ ಹೇಳ್ತಿ ಅಂತ ತಡದೆ." ಮಗುವಿನ ಕೆನ್ನೆ ಮುಟ್ಟಿದರು. "ದಿನಾ ಬಾಗಿಲಾ ನೋಡ್ತಿದ್ದೆ. ಎಂಥಾ ಕೆಟ್ಟ ಬೆಸುಗಿ ಹಾಕಿದ್ಯೋ ಮುದಕಾ ಅಂತ ನಿಮ್ಮ ಅತ್ತಿ ಬಯ್ಯಾಕ ಬರ್ತಾರ, ಬಂದ್ರ ಎಲ್ಲಾ ಸರಿ ಹೋಯ್ತು ಅಂತ ತಿಳ್ಕೊಂಡಿದ್ದೆ. ಬರಲೇ ಇಲ್ಲ."

ಮರುದಿನ ರೈಲು ಹತ್ತಿ ಹೋದರು. ಮತ್ತೆ ಅವರ ಸುದ್ದಿ ನನಗೆ ಸಿಗಲಿಲ್ಲ. ಎಲ್ಲಿ, ಯಾವಾಗ ತೀರಿಕೊಂಡರೋ...

ನನಗೀಗ ಎಂಬತ್ತು ದಾಟಿದೆ. ಅತ್ತೆ ಬದುಕಿದ್ದಕ್ಕಿಂತ ಎಷ್ಟೋ ವರ್ಷ ಹೆಚ್ಚೇ ಬದುಕಿದ್ದೇನೆ. ನಮ್ಮ ಮನೆಯವರ ಜೊತೆ ಅಷ್ಟು ವರ್ಷ ಬಾಳಿದರೂ ಅವರಿಗೆ ಇದನ್ನು ಹೇಳಲಿಲ್ಲ. ಅವರ ತಾಯಿ ಹಸಿದು ಹೋದದ್ದು ನನ್ನಿಂದ ಎಂದು ಯಾವ ಬಾಯಿಂದ ಹೇಳಲಿ? ಅವರೂ ಹೋದರು. ಇವತ್ತು ಕುಳಿತು ಎಲ್ಲ ಬರೆದಿದ್ದೇನೆ, ಒಂದು ಮಾತೂ ಮುಚ್ಚಿಟ್ಟಿಲ್ಲ. ಆದರೆ ಕೇಳಿ ನನ್ನನ್ನು ಬಯ್ಯಬೇಕಾದವರು ಒಬ್ಬರೂ ಉಳಿದಿಲ್ಲ.