ಸೂಕ್ಷ್ಮದರ್ಶಕದ ಕೋಣೆಯಲ್ಲಿ ಏಕವಚನ

ಮಗಳು ಹೈಸ್ಕೂಲು ಸೇರಿದ ವರ್ಷ ನಾನು ಮತ್ತೆ ಪ್ರಯೋಗಾಲಯಕ್ಕೆ ಕಾಲಿಟ್ಟೆ. ಮದುವೆಗೆ ಮೊದಲು ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ, ಅಲ್ಲೇ ಒಂದು ಸಂಶೋಧನಾ ಯೋಜನೆಯಲ್ಲಿ ಕೆಲಸ ಮಾಡಿದ್ದೆ. ಆಮೇಲೆ ಗಂಡನಿಗೆ ವಡೋದರದ ಮಕರಪುರದಲ್ಲಿ, ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯೊಂದರಲ್ಲಿ ನೌಕರಿ ಸಿಕ್ಕಿತು. ಗೋರ್ವಾದಲ್ಲಿ ಮನೆ ಹಿಡಿದೆವು. ಮಗಳು ಹುಟ್ಟಿದಳು. ನನ್ನ ಹಳೆಯ ಪ್ರಯೋಗಗಳ ಕಾಗದಪತ್ರ ಅಟ್ಟದ ಮೇಲೆ ಕೂತುಬಿಟ್ಟವು.

ವಿಶ್ವವಿದ್ಯಾಲಯದಲ್ಲಿ ನನ್ನನ್ನು ಪಿಎಚ್.ಡಿ.ಗೆ ಸೇರಿಸಿಕೊಂಡ ಪ್ರೊಫೆಸರು ಗುಜರಾತಿನವರು, ಮೃದು ಸ್ವಭಾವದವರು, ಆದರೆ ಎಲ್ಲ ಕೆಲಸವೂ ಬೇಗ ಆಗಬೇಕು ಅನ್ನುವವರು. ಮಾತುಮಾತಿಗೆ 'ಚಾಲ್ಸೆ' ಅನ್ನುತ್ತಿದ್ದರು. 'ನಡೆಯುತ್ತೆ ಬಿಡಿ' ಎಂದು ಅದರ ಅರ್ಥ. ವಯಸ್ಸಾಗಿದೆ ಸರ್, ನಡುವೆ ಓದು ಬಿಟ್ಟುಹೋಗಿದೆ ಎಂದು ನಾನು ಹಿಂಜರಿದಾಗಲೂ ಅವರು 'ಚಾಲ್ಸೆ' ಅಂದಿದ್ದರಿಂದಲೇ ನಾನು ಅಲ್ಲಿ ಸೇರಿದ್ದು.

ನನ್ನ ವಿಷಯ ಔಡಲ ಗಿಡದ ಬೇರಿಗೆ ತಗಲುವ ಒಂದು ಬೂಸು, ಅಂದರೆ ಶಿಲೀಂಧ್ರ. ಇಲ್ಲಿ ಔಡಲಕ್ಕೆ ದಿವೇಲಾ ಅನ್ನುತ್ತಾರೆ. ಊರು ದಾಟಿದರೆ ಹೊಲಗಟ್ಟಲೆ ಅದೇ. ಬೂಸು ಬೇರಿನೊಳಗೆ ಎಲ್ಲಿಯವರೆಗೆ ಹೊಕ್ಕಿದೆ ಎಂದು ನೋಡಲು ಬೇರನ್ನು ತೆಳುವಾಗಿ ಕೊಯ್ದು, ಹೊಳೆಯುವ ಬಣ್ಣ ಹಾಕಿ, ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನಲ್ಲಿ ಇಡಬೇಕು. ಆ ಯಂತ್ರ ನಮ್ಮ ವಿಭಾಗದ್ದಲ್ಲ. ಎಲ್ಲ ವಿಭಾಗಗಳಿಗೂ ಸೇರಿದ ಉಪಕರಣ ಕೇಂದ್ರದಲ್ಲಿತ್ತು. ಅಲ್ಲಿನ ಮೊದಲ ನಿಯಮ, ತರಬೇತಿ ಆಗದವರು ಯಂತ್ರ ಮುಟ್ಟುವಂತಿಲ್ಲ.

"ಈಕೆ ಮೈಕ್ರೋಸ್ಕೋಪಿನಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದವಳು, ತರಬೇತಿ ಯಾಕೆ?" ಎಂದು ಪ್ರೊಫೆಸರು ನನ್ನೆದುರಿಗೇ ಕೇಂದ್ರಕ್ಕೆ ಫೋನು ಮಾಡಿದರು. ಆ ಕಡೆಯಿಂದ ಏನು ಉತ್ತರ ಬಂತೋ, ಫೋನು ಇಟ್ಟು ನನ್ನ ಮುಖ ನೋಡಿದರು. "ಹೋಗಿ ಬನ್ನಿ. ಅಲ್ಲೊಬ್ಬ ಹುಡುಗಿ ಇದ್ದಾಳೆ. ಅವಳ ಹತ್ತಿರ ಚಾಲ್ಸೆ ನಡೆಯುವುದಿಲ್ಲ."

ಆ ಹುಡುಗಿಯನ್ನು ನೋಡಿದಾಗ, ಓದು ಮುಗಿಸಿ ಹೆಚ್ಚು ದಿನವಾಗಿಲ್ಲ ಅನಿಸಿತು. ಕೂದಲನ್ನು ಮೇಲಕ್ಕೆ ಗಂಟು ಹಾಕಿ, ಬಿಳಿ ಕೋಟಿನ ತೋಳು ಮಡಚಿಕೊಂಡಿದ್ದಳು. ನನ್ನನ್ನೂ ಇನ್ನಿಬ್ಬರು ವಿದ್ಯಾರ್ಥಿಗಳನ್ನೂ ಕೂರಿಸಿಕೊಂಡು ಹಿಂದಿಯಲ್ಲಿ ನಿಯಮ ಹೇಳಿದಳು. ಮೊದಲ ಸಲ ನೀವು ನೋಡುವುದು, ನಾನು ಮಾಡುವುದು. ಎರಡನೇ ಸಲ ನೀವು ಮಾಡುವುದು, ನಾನು ಹೇಳಿಕೊಡುವುದು. ಮೂರನೇ ಸಲ ನೀವು ಮಾಡುವುದು, ನಾನು ಬಾಯಿ ಬಿಡುವುದಿಲ್ಲ. ಬಾಯಿ ಬಿಡುವ ಪ್ರಸಂಗ ಬಂದರೆ ನೀವು ಫೇಲು. ಒಂದು ವಾರ ಬಿಟ್ಟು ಮತ್ತೆ ಬರಬೇಕು. ಪಾಸಾದವರಿಗೆ ಕಂಪ್ಯೂಟರಿನಲ್ಲಿ ಅವರದೇ ಐಡಿ. ಅದನ್ನು ಸ್ವಂತ ತಮ್ಮನಿಗೂ ಕೊಡಕೂಡದು.

ನಿಯಮಗಳಲ್ಲಿ ದೀಪದ್ದೂ ಒಂದಿತ್ತು. ಆ ಮೈಕ್ರೋಸ್ಕೋಪಿನ ಪಾದರಸದ ದೀಪವನ್ನು ಆರಿಸಿದರೆ, ಪೂರ್ತಿ ತಣ್ಣಗಾಗುವವರೆಗೆ ಮತ್ತೆ ಹಚ್ಚುವಂತಿಲ್ಲ, ಹಚ್ಚಿದರೆ ಒಡೆದೀತು. ಹಾಗಾಗಿ ನಮ್ಮ ಕೆಲಸ ಮುಗಿದ ಮೇಲೆ ಮುಂದಿನ ಸರದಿಯವರಿಗೆ ಫೋನು ಮಾಡಿ, "ಬರುತ್ತೀರಾ, ದೀಪ ಇಡಲಾ, ಆರಿಸಲಾ?" ಎಂದು ಕೇಳಲೇಬೇಕಿತ್ತು. ಮುಖ ಗೊತ್ತಿಲ್ಲದ ಎಷ್ಟೋ ಜನರ ದನಿ ನನಗೆ ಪರಿಚಯವಾದದ್ದು ಆಮೇಲೆ ಇದರಿಂದಲೇ.

ಮೊದಲ ದಿನದ ತರಬೇತಿ ಮುಗಿಯುವ ಹೊತ್ತಿಗೆ ಹುಡುಗಿಯ ಫೋನು ಬಡಿಯಿತು. ಅವಳು ಮೂಲೆಗೆ ಸರಿದು ಮೆಲ್ಲಗೆ, "ಅಮ್ಮಾ, ಬರ್ತೆ. ಊಟ ಇಡು" ಅಂದಳು.

ನನಗೆ ಎಂಥ ಖುಷಿಯಾಯಿತೆಂದರೆ, ಅವಳು ಫೋನು ಇಡುವುದನ್ನೇ ಕಾದು ಕೇಳಿದೆ. "ಕನ್ನಡದವರೇನ್ರಿ ನೀವು? ಮೊದಲ ಹೇಳಬಾರದಿತ್ತೇನ್ರಿ?"

ಅವಳ ಮುಖ ಕೆಂಪಾಯಿತು. "ಜೀ ಮ್ಯಾಮ್, ಉಡುಪಿ ಸೈಡ್" ಎಂದು ಹಿಂದಿಯಲ್ಲೇ ಹೇಳಿದಳು. ತಾನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಅಪ್ಪನ ಹೋಟೆಲು ಮಕರಪುರ ರಸ್ತೆಯಲ್ಲಿದೆ ಎಂದಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಉತ್ತರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರುತ್ತಿತ್ತು. ಎರಡನೇ ಸಲದ ತರಬೇತಿಯಲ್ಲೂ ಅದೇ. ಕಡೆಗೆ ನನಗೇ ಬೇಸರವಾಗಿ, ಈ ಹುಡುಗಿಗೆ ನಮ್ಮ ಒಡನಾಟ ಬೇಡವಾಗಿದೆ ಅಂದುಕೊಂಡು ಹಿಂದಿಗೆ ತಿರುಗಿದೆ.

ಮೂರನೇ ಸಲ ನಾನು ಬಂದದ್ದು ತುಂಬ ಧೈರ್ಯದಿಂದ. ದೀಪ ಹಚ್ಚಿದೆ, ಸ್ಲೈಡು ಇಟ್ಟೆ, ಕಡಿಮೆ ಶಕ್ತಿಯ ಲೆನ್ಸಿನಿಂದ ಶುರು ಮಾಡಿ ಒಂದೊಂದೇ ಮೇಲಕ್ಕೆ ಹೋದೆ. ಎಲ್ಲಕ್ಕಿಂತ ದೊಡ್ಡದಾಗಿ ತೋರಿಸುವ ಕೊನೆಯ ಲೆನ್ಸಿಗೆ ಮಾತ್ರ ಸ್ಲೈಡಿನ ಮೇಲೆ ಒಂದು ತೊಟ್ಟು ಎಣ್ಣೆ ಬೇಕು. ಉಳಿದ ಲೆನ್ಸುಗಳು ಒಣ ಲೆನ್ಸುಗಳು, ಅವುಗಳಿಗೆ ಎಣ್ಣೆ ಸೋಕಿದರೆ ಹಾಳು. ಎಣ್ಣೆ ಹಾಕಿದೆ, ಕಣ್ಣಿಟ್ಟೆ. ಕತ್ತಲೆಯ ನಡುವೆ ಬೇರಿನ ಕೋಶಗಳ ಗೋಡೆ, ಅದರಾಚೆ ಹಸಿರಾಗಿ ಹೊಳೆಯುವ ಬೂಸಿನ ಎಳೆ. ಇಷ್ಟು ವರ್ಷದ ಮೇಲೆ ಮತ್ತೆ ಇಂಥದ್ದನ್ನು ನೋಡುತ್ತಿದ್ದೇನೆ ಎಂದು ಎದೆ ತುಂಬಿ ಬಂತು. ಇನ್ನೂ ಸ್ವಲ್ಪ ಅಗಲಕ್ಕೆ ನೋಡೋಣವೆಂದು, ಹಿಂದಿನ ಲೆನ್ಸಿಗೆ ಮರಳಲು, ಲೆನ್ಸುಗಳನ್ನು ಕೂರಿಸಿದ ತಿರುಗಣೆಗೆ ಕೈ ಹಾಕಿದೆ.

"ಏ! ತಿರುಗಿಸ್ಬೇಡ! ಕೈ ತೆಗಿ!"

ಬೆನ್ನ ಹಿಂದಿನಿಂದ ಬಂದ ಕೂಗು ಕನ್ನಡದ್ದೆಂದು ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ನನ್ನ ಕೈ ಅಲ್ಲೇ ನಿಂತಿತು. ಒಣ ಲೆನ್ಸಿನ ಅಂಚು ಎಣ್ಣೆಯ ತೊಟ್ಟಿನಿಂದ ಕೂದಲೆಳೆಯಷ್ಟು ದೂರದಲ್ಲಿತ್ತು. ಧಾರವಾಡದ ನಮ್ಮ ಹಳೆಯ ಮೈಕ್ರೋಸ್ಕೋಪಿಗೆ ಎಣ್ಣೆಯ ಲೆನ್ಸೇ ಇರಲಿಲ್ಲ. ಹಿಂದೆ ಮುಂದೆ ಹೇಗೆ ಬೇಕಾದರೂ ತಿರುಗಿಸುತ್ತಿದ್ದೆವು. ಕೈ ಅದನ್ನು ಮರೆತಿರಲಿಲ್ಲ.

ಅವಳು ಬಂದು, ಸ್ಲೈಡಿನ ಹಲಗೆಯನ್ನು ಕೆಳಗಿಳಿಸಿ, ಲೆನ್ಸುಗಳನ್ನು ಪಕ್ಕದ ಕಿಟಕಿಯ ಬೆಳಕಿಗೆ ಒಂದೊಂದಾಗಿ ನೋಡಿದಳು. ಏನೂ ತಾಗಿರಲಿಲ್ಲ. ಆಮೇಲೆ ಹಿಂದಿಯಲ್ಲಿ, "ಸಾರಿ ಮ್ಯಾಮ್. ನಾನು ಬಾಯಿ ಬಿಟ್ಟೆ. ಮುಂದಿನ ವಾರ ಬನ್ನಿ" ಅಂದಳು. ನಾನು ಚೀಲ ಎತ್ತಿಕೊಂಡು ಹೊರಬಿದ್ದೆ.

ರಾತ್ರಿ ಊಟಕ್ಕೆ ಕೂತಾಗ ಗಂಡ ಕೇಳಿದರು. "ಮಾರಿ ಯಾಕ ಹಿಂಗ ಮಾಡ್ಕೊಂಡಿ? ಏನಾತು?"

"ನಪಾಸಾದೆ."

"ನಪಾಸಾದ್ರ ಏನಾತು, ಮತ್ತ ಕೊಡೂದು."

"ನಪಾಸಾಗಿದ್ದಕ್ಕ ಅಲ್ರಿ. ನನ್ನ ಮಗಳಕಿಂತ ನಾಕು ವರ್ಷ ದೊಡ್ಡಾಕಿ ಇರಬೇಕು, 'ಕೈ ತೆಗಿ' ಅಂದ್ಳು. ನಾಯಿಗೆ ಅಂದಂಗ. ಇಷ್ಟು ದಿನ ಕನ್ನಡ ಬರೂದಿಲ್ಲ ಅನ್ನೂಹಂಗ ಇದ್ದಾಕಿಗೆ, ಬೈಯಾಕ ಮಾತ್ರ ಕನ್ನಡ ಬಂತು ನೋಡ್ರಿ."

ಗಂಡ ನಕ್ಕರು. ನನಗೆ ನಗು ಬರಲಿಲ್ಲ. ಮಗಳು, "ಮಮ್ಮಿ, ನಾಲ್ಕಲ್ಲ, ಹತ್ತು ವರ್ಷ ದೊಡ್ಡವಳಿರ್ತಾಳೆ" ಎಂದು ಇಂಗ್ಲಿಷಿನಲ್ಲಿ ತಿದ್ದಿದಳು. ಅವಳ ಮೇಲೂ ರೇಗಿದೆ.

ಆ ವಾರದ ಭಾನುವಾರ ಗಂಡ, "ಇಡ್ಲಿ ತಿನ್ನೂಣು ನಡಿ" ಎಂದು ನನ್ನನ್ನೂ ಮಗಳನ್ನೂ ಮಕರಪುರ ರಸ್ತೆಗೆ ಕರೆದುಕೊಂಡು ಹೋದರು. ದಿನಾ ಕಾರ್ಖಾನೆಗೆ ಹೋಗುವಾಗ ಅವರು ನಾಷ್ಟಾ ಮಾಡುವ ಹೋಟೆಲು ಅದು. ಉಡುಪಿ ಕಡೆಯವರದು ಎಂದಷ್ಟೇ ನನಗೆ ಗೊತ್ತಿತ್ತು, ಆ ರಸ್ತೆಯಲ್ಲಿ ಅಂಥವು ಇನ್ನೂ ಎರಡು ಮೂರಿದ್ದವು. ಒಳಗೆ ಹೋಗಿ ಕೂತು, ಗಲ್ಲಾದ ಕಡೆ ನೋಡಿದರೆ ಅದೇ ಹುಡುಗಿ. ಅಪ್ಪ ಅಡುಗೆಮನೆಯ ಕಡೆ ಹೋಗಿದ್ದರಿಂದ ಅವಳು ಗಲ್ಲಾದಲ್ಲಿ ಕೂತಿದ್ದಳು. ನನ್ನನ್ನು ಕಂಡದ್ದೇ ಎದ್ದು ಒಳಗೆ ನಡೆದಳು.

ನಾನು ಗಂಡನ ಮುಖ ನೋಡಿದೆ. "ಗೊತ್ತಿತ್ತೇನ್ರಿ ನಿಮಗ?"

"ಅನುಮಾನ ಇತ್ತು" ಎಂದು ಅವರು ಚಟ್ನಿಯ ಕಡೆ ನೋಡುತ್ತ ಹೇಳಿದರು.

ಒಳಗಿನಿಂದ ಒಬ್ಬ ಹೆಂಗಸು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಹುಡುಗಿಯ ತಾಯಿ. ಕೇಳದೆಯೇ ನನ್ನ ಎದುರಿನ ಕುರ್ಚಿ ಎಳೆದುಕೊಂಡು ಕೂತರು.

"ನೀವೇ ಅಲ್ವಾ ಧಾರವಾಡದವ್ರು? ನಮ್ಮವಳು ಅವತ್ತು ಮನೆಗೆ ಬಂದವಳು ಊಟವೇ ಮಾಡ್ಲಿಲ್ಲ. 'ಅಮ್ಮ, ನಾನು ಎಂತದೋ ತಪ್ಪು ಹೇಳಿದೆ, ಅವರ ಮುಖ ಹೇಗೋ ಆಯ್ತು' ಅಂತ. ಎಂತ ಹೇಳಿದ್ದು ಮಾರಾಯ್ತಿ ಅಂತ ಕೇಳಿದ್ರೆ, 'ಕೈ ತೆಗಿ ಅಂದೆ' ಅಂತಾಳೆ. ನಂಗೆ ತಲೆ ಚಚ್ಚಿಕೊಳ್ಳುವ ಹಾಗೆ ಆಯ್ತು."

ನಾನು, ಇರಲಿ ಬಿಡ್ರಿ ಅಂದೆ.

"ಇರಲಿ ಅಲ್ಲ, ನೀವು ಕೇಳಿ. ಅವಳಿಗೆ ಕನ್ನಡ ಅಂದ್ರೆ ನಾನು ಅವಳ ಹತ್ರ ಮಾತಾಡಿದ್ದು, ಅಷ್ಟೇ. ನಾನು ಮಗಳಿಗೆ ಬಾ, ಹೋಗು, ತಿನ್ನು, ಅದನ್ನು ಮುಟ್ಬೇಡ ಅಂತ್ಲೇ ಅಲ್ವಾ ಹೇಳುದು? ಅವಳು ನಮ್ಮ ಹತ್ರವೂ ಹಾಗೇ ಮಾತಾಡುದು. 'ನೀವು ಬನ್ನಿ, ನೀವು ಹೋಗಿ' ಅಂತ ಕನ್ನಡದಲ್ಲಿ ಹೇಳ್ಲಿಕ್ಕೆ ಅವಳಿಗೆ ಇಲ್ಲಿ ಯಾರಿದ್ದಾರೆ? ಒಮ್ಮೆ ಊರಿಗೆ ಹೋದಾಗ ಅಜ್ಜನಿಗೆ 'ಏ ಅಜ್ಜ, ನೀನು ಬಾ' ಅಂದ್ಲು ಅಂತ ಎಲ್ಲ ನಗಾಡಿದ್ರು. ಅವತ್ತಿಂದ ಹೊರಗಿನವರ ಎದುರು ಕನ್ನಡಕ್ಕೆ ಬಾಯೇ ತೆರೆಯುದಿಲ್ಲ. ಅವತ್ತು ನಿಮ್ಮ ಕೈ ನೋಡಿ ಹೆದರಿ, ಬಾಯಿಗೆ ಬಂದದ್ದು ಬಂತು."

ಇಡ್ಲಿ ತಣ್ಣಗಾಗುತ್ತಿತ್ತು. ನನ್ನ ಮಗಳು ತಟ್ಟೆಯಿಂದ ತಲೆ ಎತ್ತದೆ ಕೂತಿದ್ದಳು. ಅವಳೂ ನನ್ನನ್ನು 'ಮಮ್ಮಿ, ನೀ ಬಾ' ಅಂತಲೇ ಕರೆಯುತ್ತಾಳೆ. ಅವಳಿಗೂ ನಮ್ಮಿಬ್ಬರನ್ನು ಬಿಟ್ಟರೆ ಈ ಊರಿನಲ್ಲಿ ಇನ್ನಾರ ಕನ್ನಡವಿದೆ? ಅವಳನ್ನೂ ಯಾರಾದರೂ ಒಂದು ದಿನ ಸೊಕ್ಕಿನವಳು ಅಂದುಕೊಂಡಾರು ಅನಿಸಿ ಸಂಕಟವಾಯಿತು.

"ಕರೀರಿ ಆಕೀನ್ನ" ಅಂದೆ.

ಹುಡುಗಿ ಬಂದು ನಿಂತಳು. ಕೈಯಲ್ಲಿ ಸುಮ್ಮನೆ ಒಂದು ನೀರಿನ ಜಗ್ಗು. ನಾನು ಕೂತುಕೋ ಅಂದೆ. ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದದ್ದು. ಅವಳಿಗೆ ಅದೇ ಹಿತವಾಗಿ ಕಂಡಿರಬೇಕು.

"ಅವತ್ತ ನೀ ಕೂಗದಿದ್ರ ಲೆನ್ಸ್ ಹೋಗ್ತಿತ್ತು. ನೀ ಮಾಡಿದ್ದು ಸರಿ."

"ನಾನು... ನೀನು..." ಎಂದು ತಡವರಿಸಿ, ತಾಯಿಯ ಕಡೆ ನೋಡಿ, "ನಿಮಗೆ ಹರ್ಟ್ ಆಯ್ತಾ?" ಅಂದಳು.

"ಆಗಿತ್ತು. ಈಗಿಲ್ಲ."

ಮುಂದಿನ ವಾರ ಮತ್ತೆ ಪರೀಕ್ಷೆಗೆ ಕೂತೆ. ಎಣ್ಣೆಯ ಲೆನ್ಸಿನ ಕೆಲಸ ಮುಗಿದ ಮೇಲೆ ಹಲಗೆ ಇಳಿಸಿ, ಸ್ಲೈಡು ತೆಗೆದು, ಲೆನ್ಸಿನ ಕಾಗದದಿಂದ ಎಣ್ಣೆ ಒರೆಸಿ, ತಿರುಗಣೆಯನ್ನು ಇನ್ನೊಂದು ದಿಕ್ಕಿಗೆ ಸುತ್ತಿಸಿ ನೇರ ಕಡಿಮೆ ಶಕ್ತಿಯದಕ್ಕೆ ಬಂದೆ. ಅವಳು ಹಿಂದೆ ನಿಂತು ಉಸಿರು ಬಿಡುವುದು ಮಾತ್ರ ಕೇಳುತ್ತಿತ್ತು. ಎಲ್ಲ ಆದ ಮೇಲೆ, "ಪಾಸ್, ಅಕ್ಕ" ಅಂದಳು. ಆಮೇಲೆ ಮಧ್ಯಾಹ್ನ ಇಬ್ಬರಿಗೂ ಬಿಡುವಿದ್ದಾಗ ಕ್ಯಾಂಟೀನಿನಲ್ಲಿ ಕೂತು ಮಾತಾಡುತ್ತಿದ್ದೆವು. ಬನ್ನಿ, ಕೂತುಕೊಳ್ಳಿ, ತಗೊಳ್ಳಿ ಎಂದು ಅವಳು ನನ್ನ ಮೇಲೆ ಅಭ್ಯಾಸ ಮಾಡುತ್ತಿದ್ದಳು. ಕೆಲವೊಮ್ಮೆ ಚಹದ ಲೋಟಕ್ಕೂ 'ಬನ್ನಿ' ಅನ್ನುವಳು. ಅವಳು ಕಲಿತದ್ದು ನನ್ನ ಧಾರವಾಡದ ಕನ್ನಡವೋ ತಾಯಿಯ ಉಡುಪಿ ಕನ್ನಡವೋ ಹೇಳುವುದು ಕಷ್ಟ, ಎರಡೂ ಬೆರೆತ ಮೂರನೆಯದೊಂದು.

ಮಾರನೇ ವರ್ಷ ಚಳಿಗಾಲದಲ್ಲಿ ಪ್ರೊಫೆಸರು ನನ್ನನ್ನು ಕರೆದರು. ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಸೂರತ್ತಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಅವಳ ಪ್ರಬಂಧಕ್ಕೆ ಕೆಲವು ಚಿತ್ರ ತುರ್ತಾಗಿ ಬೇಕಿತ್ತು. ಮರುದಿನ ಬೆಳಗಿನ ರೈಲಿಗೆ ಸ್ಲೈಡುಗಳನ್ನು ಐಸಿನ ಡಬ್ಬಿಯಲ್ಲಿಟ್ಟುಕೊಂಡು ಹೊರಡುವುದೆಂದು ತೀರ್ಮಾನಿಸಿಬಿಟ್ಟಿದ್ದಳು.

"ನಾಳಿನ ಸರದಿ ನಿಮ್ಮದಲ್ಲವೆ? ನಿಮ್ಮ ಐಡಿ ಅವಳಿಗೆ ಕೊಟ್ಟುಬಿಡಿ" ಎಂದರು ಪ್ರೊಫೆಸರು.

"ಸರ್, ಅವರಿಗೆ ಆ ಯಂತ್ರದ ತರಬೇತಿ ಆಗಿಲ್ಲ."

"ಅವಳು ಜಾಣೆ. ಒಂದು ದಿನ ಚಾಲ್ಸೆ."

ನನ್ನನ್ನು ಈ ವಯಸ್ಸಿನಲ್ಲಿ ಸೇರಿಸಿಕೊಂಡ ಮನುಷ್ಯ. ಇಲ್ಲ ಅನ್ನುವುದು ಸುಲಭವಿರಲಿಲ್ಲ. ಆದರೂ ಅಂದೆ. "ಐಡಿ ಕೊಡುವುದಿಲ್ಲ ಸರ್. ನನ್ನ ಸರದಿಯಲ್ಲಿ ಅವರ ಸ್ಲೈಡು ನಾನೇ ನೋಡಿಕೊಡುತ್ತೇನೆ. ಅವರು ಪಕ್ಕದಲ್ಲಿ ಕೂತಿರಲಿ. ನನ್ನ ಕೆಲಸ ಮುಂದಿನ ವಾರ ಮಾಡಿಕೊಳ್ಳುತ್ತೇನೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವೂ ಆ ಹುಡುಗಿಯ ಪಕ್ಷ ಸೇರಿದಿರಿ" ಅಂದರು. ನಗುತ್ತ ಅಂದದ್ದಲ್ಲ.

ಸೂರತ್ತಿನಾಕೆ ನನಗಿಂತ ಚಿಕ್ಕವಳು. ರೈಲು ತಡವಾದ್ದರಿಂದ ಓಡೋಡಿ ಬಂದಳು. ವಿಷಯ ತಿಳಿಸಿದಾಗ ಮೊದಲು ಸಪ್ಪಗಾದಳು, ಆಮೇಲೆ ಸ್ಟೂಲು ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತಳು. ಎಲ್ಲಿ ನಿಲ್ಲಿಸಬೇಕು ಎಂದು ಅವಳು ಹೇಳುವುದು, ನಾನು ತಿರುಗಿಸುವುದು. ಸಂಜೆಯ ಹೊತ್ತಿಗೆ ಅವಳಿಗೆ ಬೇಕಾದ ಚಿತ್ರಗಳೆಲ್ಲ ಸಿಕ್ಕವು. ಹೊರಡುವಾಗ, ಮುಂದಿನ ಸಲ ತಾನೇ ಮಾಡಬೇಕೆಂದರೆ ತರಬೇತಿಗೆ ಯಾರನ್ನು ಕೇಳಬೇಕು ಎಂದಳು. ನಾನು ಹುಡುಗಿಯ ಕೋಣೆ ತೋರಿಸಿದೆ.

ಪ್ರೊಫೆಸರು ಕೆಲವು ದಿನ ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ನಾನೂ ಆ ದಿನಗಳಲ್ಲಿ ನೆಮ್ಮದಿಯಾಗಿರಲಿಲ್ಲ. ಆದರೆ ಹಬ್ಬದ ರಜೆ ಮುಗಿದ ಮೇಲೆ ವಿಭಾಗದ ಸಭೆಯಲ್ಲಿ, ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಅವರೇ, "ಮೊದಲ ತಿಂಗಳಲ್ಲೇ ಎಲ್ಲರೂ ತರಬೇತಿ ಮುಗಿಸಿ. ಆಮೇಲೆ ನನ್ನ ಹತ್ತಿರ ಶಿಫಾರಸಿಗೆ ಬರಬೇಡಿ" ಅಂದರು. ಸಭೆ ಮುಗಿದು ಹೊರಗೆ ಬರುವಾಗ ನನ್ನ ಬೇರುಗಳ ಚಿತ್ರ ಎಲ್ಲಿಯವರೆಗೆ ಬಂತು ಎಂದು ಕೇಳಿದರು. ಕಂಪ್ಯೂಟರ್ ತೆರೆದು ತೋರಿಸಿದೆ. ನಿಂತುಕೊಂಡೇ ಬಹಳ ಹೊತ್ತು ನೋಡಿದರು.

ಹುಡುಗಿಗೆ ಈಗ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ, ಇಂಥ ಯಂತ್ರಗಳನ್ನು ಮಾರುವ ಕಂಪನಿಯೊಂದರಲ್ಲಿ ಕೆಲಸ. ಕೊಂಡವರಿಗೆ ಕಲಿಸಲು ಊರೂರು ತಿರುಗುತ್ತಾಳೆ. ಕಳೆದ ತಿಂಗಳು ಹುಬ್ಬಳ್ಳಿಯ ಒಂದು ಕಾಲೇಜಿಗೂ ಹೋಗಿದ್ದಳಂತೆ. ಅಲ್ಲಿಂದಲೇ ಫೋನು ಮಾಡಿದಳು.

"ಅಕ್ಕ, ನಾನು ಕನ್ನಡದಲ್ಲೇ ಹೇಳಿದೆ. ಫುಲ್ ಒಂದು ಗಂಟೆ! ಯಾರೂ ನಗಾಡ್ಲಿಲ್ಲ."

"ಹೌದೇನ? ಏನಂದ್ರು ಮತ್ತ?"

"ಮೇಡಮ್, ನೀವು ಯಾವ ಊರಿನವರು ಅಂತ ಕೇಳಿದ್ರು."

"ನೀ ಏನಂದಿ?"

"ವಡೋದರ ಅಂದೆ. ಅವರು ನಂಬಲೇ ಇಲ್ಲ ಅಕ್ಕ" ಎಂದು ಅವಳು ನಕ್ಕಳು. ಆಚೆಯಿಂದ ಯಾರೋ ಊಟಕ್ಕೆ ಕರೆಯುತ್ತಿದ್ದರು. "ಹಾಂ, ಬಂದೆ, ನೀವು ಕೂತ್ಕೊಳ್ಳಿ" ಎಂದು ಅವರಿಗೆ ಹೇಳಿ ಫೋನು ಇಟ್ಟಳು.