ವಿಭೂತಿ ಬಳಿದುಕೊಂಡ ಸೆನ್ಸರ್

ನಮ್ಮ ಅಕ್ಕನ ಮಗಳು ಶ್ವೇತಾ ಎರಡು ವರ್ಷದಿಂದ ಜೇಡದ ಕಾಲು ನೋಡುತ್ತಾ ಕೂತಿದ್ದಾಳೆ. (ನಮ್ಮ ಮನೆಯಲ್ಲಿ ಕಸಬರಿಗೆ ಮೇಲೆತ್ತುವುದು ಈಗ ಅಪರಾಧ.)

ಬಳ್ಳಾರಿಯಲ್ಲಿ ಎಂ.ಟೆಕ್ ಓದುತ್ತಾಳೆ. ಜೇಡದ ಕಾಲಿನ ಕೀಲಿನ ಹತ್ತಿರ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳುಗಳಿವೆಯಂತೆ. ಬಲೆ ಒಂಚೂರು ಅದುರಿದರೂ ಅದಕ್ಕೆ ಸುದ್ದಿ ಮುಟ್ಟುವುದು ಆ ಸೀಳುಗಳಿಂದಲೇ. ಅದನ್ನು ನೋಡಿಕೊಂಡು ಇವಳು ಅಕ್ಕಿಕಾಳಿನಷ್ಟು ಸೆನ್ಸರ್ ಮಾಡಿದ್ದಾಳೆ. ತೆಳ್ಳನೆಯ ಲೋಹದ ಪದರ, ಅದರ ತುಂಬ ಬಿರುಕು. ಮಷೀನಿಗೆ ಅಂಟಿಸಿದರೆ ಯಾವ ಬೇರಿಂಗ್ ಕೆಡಲಿದೆ ಎಂದು ಮೊದಲೇ ಹೇಳುತ್ತದಂತೆ. ಬಿರುಕು ಬಿಟ್ಟಿದ್ದಕ್ಕೂ ಡಿಗ್ರಿ ಕೊಡುತ್ತಾರಾ? ನಮ್ಮ ಮನೆ ಗೋಡೆಗೆ ಯಾರೂ ಕೊಡಲಿಲ್ಲವಲ್ಲ!

ಸಿರುಗುಪ್ಪದ ಒಂದು ರೈಸ್ ಮಿಲ್‌ನಲ್ಲಿ ಡೆಮೊ. ಗೈಡ್ ಸರ್ ಮುಂದೆ ಅದು ಕೈಕೊಟ್ಟರೆ ಇನ್ನೊಂದು ವರ್ಷ ಅದೇ ಜೇಡ, ಅದೇ ಕಾಲು. ಹಿಂದಿನ ದಿನವೇ ಸೆನ್ಸರ್ ಅಂಟಿಸಿ ಬಂದಿದ್ದಳು. "ಅಮಾಸಿ ದಿನ ಯಾಕ ಇಟ್ಕೊಂಡಿಯವ್ವ?" ಎಂದು ಅಕ್ಕ ಕೇಳಿದ್ದಕ್ಕೆ ನಾನು ನಕ್ಕಿದ್ದೆ. ಬೆಳಿಗ್ಗೆ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕುರುಗೋಡು ದಾಟುವವರೆಗೂ ನಗುತ್ತಲೇ ಇದ್ದೆ.

ಮಿಲ್ ಒಳಗೆ ಹೋದರೆ ಮಷೀನುಗಳಿಗೆಲ್ಲ ಅಮಾವಾಸ್ಯೆ ಪೂಜೆ ಆಗಿತ್ತು. ನಮ್ಮ ಸೆನ್ಸರ್‌ಗೂ. ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಬಿರುಕುಗಳೆಲ್ಲ ಮೆತ್ತಿಹೋಗಿದ್ದವು. ಮಷೀನು ಗಡಗಡ ಅನ್ನುತ್ತಿದ್ದರೂ ಲ್ಯಾಪ್‌ಟಾಪಿನಲ್ಲಿ ಗೆರೆ ಅಲುಗಲಿಲ್ಲ.

"ಅಜ್ಜಾ, ಏನ್ ಮಾಡೀರಿ ಇದು?" ಶ್ವೇತಾಳಿಗೆ ಅಳುವೇ ಬಂತು.

ಮಿಲ್‌ನ ಹಳೆಯ ಆಪರೇಟರ್ ಹೊನ್ನೂರಪ್ಪ ಶಾಂತವಾಗಿ ಹೇಳಿದರು: "ಹೊಸಾ ಸಾಮಾನು ಬಂದೈತಿ. ಪೂಜಿ ಮಾಡದ ಬಿಡಾಕ ಆಕ್ಕೈತೇನವ್ವ?"

ಬ್ಯಾಗಿನಲ್ಲಿ ಉಳಿದಿದ್ದು ಇನ್ನೊಂದೇ ಸೆನ್ಸರ್. ಹೊರಗೆ ಗೈಡ್ ಸರ್ ಕಾರು ಬಂದು ನಿಂತಿತು. ಇವಳು ಗಡಿಬಿಡಿಯಲ್ಲಿ ಹಳೆಯ ಜಾಗಕ್ಕೇ ಅಂಟಿಸಲು ಹೋದಳು. ಬರಿಗಾಲಲ್ಲಿ ನಿಂತಿದ್ದ ಹೊನ್ನೂರಪ್ಪ ತಡೆದರು.

"ಅಲ್ಲಿ ಬ್ಯಾಡ. ಆ ಎಡಗಡಿ ಬೇರಿಂಗಿಗೆ ಹಚ್ಚು. ಮುಂಜಾನಿಂದ ನನ್ನ ಅಂಗಾಲಿಗೆ ಗೊತ್ತಾಗಾಕ ಹತ್ತೈತಿ."

ಹಚ್ಚಿದಳು. ಗೆರೆ ಎದ್ದು ಕುಣಿಯಿತು. ಮಷೀನು ನಿಲ್ಲಿಸಿ ಬಿಚ್ಚಿ ನೋಡಿದರೆ ಬೇರಿಂಗ್ ನಿಜಕ್ಕೂ ಸವೆದಿತ್ತು. ನನಗಂತೂ ಹೋದ ಜೀವ ಬಂದಂತಾಯಿತು.

ಗೈಡ್ ಸರ್ ಖುಷಿಯಾದರು. ಆದರೆ ಮೇಷ್ಟ್ರು ಅಂದಮೇಲೆ ಪ್ರಶ್ನೆ ಕೇಳದೆ ಇರುತ್ತಾರಾ? "ಇದರ ರೀಡಿಂಗ್ ಖರೇ ಅಂತ ಬೇರೆ ಯಾವ ಸೆನ್ಸರಿಗೆ ಹೋಲಿಸಿ ನೋಡಿದಿ?"

ಶ್ವೇತಾ ಹೊನ್ನೂರಪ್ಪನವರ ಪಾದ ತೋರಿಸಿದಳು. ಸರ್ ಹೊನ್ನೂರಪ್ಪನವರಿಂದಲೇ ಕೇಳಿ ತಿಳಿದು, ಅದನ್ನೇ ಬರೆದುಕೊಂಡರು.

ಪರೀಕ್ಷೆ ಬರೆದದ್ದು ಸೆನ್ಸರ್, ಮಾರ್ಕ್ಸ್ ಹಾಕಿದ್ದು ಅಂಗಾಲು. ಹಾಗಾದರೆ ಅಲ್ಲಿ ಪ್ರೊಫೆಸರ್ ಯಾರು?